ಕೇಯಾಸೋ, ಕ್ರಮವೋ: ಅರೇಖೀಯ ಆಂಶಿಕ ಅವಕಲ ಸಮೀಕರಣಗಳಿಗೆ ಯಾವ ಗಣನಾ ವಿಧಾನ ಆರಿಸಬೇಕು?

1965ರಲ್ಲಿ ಜಬುಸ್ಕಿ ಮತ್ತು ಕ್ರುಸ್ಕಲ್ ಆಳವಿಲ್ಲದ ನೀರಿನ ಅಲೆಗಳನ್ನು ವಿವರಿಸುವ ಕೊರ್ಟೆವೆಗ್–ಡಿ ವ್ರೀಸ್ ಸಮೀಕರಣಕ್ಕೆ (ಕೆಡಿವಿ) ಒಂದು ಸಾದಾ ಕೊಸೈನ್ ಅಲೆಯನ್ನು ಕೊಟ್ಟು ಕಂಪ್ಯೂಟರಿನಲ್ಲಿ ಓಡಿಸಿದರು. ಅಲೆಯ ಮುಂಭಾಗ ಕಡಿದಾಗುತ್ತ ಹೋಗಿ, ಕಾಲ 1/ಪೈ ಹೊತ್ತಿಗೆ ಮುರಿದುಬೀಳುವ ಹಾಗೆ ಕಂಡು, ಆಮೇಲೆ ಎಂಟು ಸಾಲಿಟನ್‌ಗಳಾಗಿ (ಆಕಾರ ಕೆಡದೆ ಸಾಗುವ ಒಂಟಿ ಅಲೆಗಳಾಗಿ) ಬಿಡಿಸಿಕೊಂಡಿತು. ಅವು ಒಂದನ್ನೊಂದು ದಾಟಿ ಸಾಗಿದವು. ಆ ಮುರಿಯುವ ಕಾಲದ ಸುಮಾರು 30.4 ಪಟ್ಟು ಕಳೆದಾಗ ಹೆಚ್ಚುಕಡಿಮೆ ಮೊದಲಿನ ಕೊಸೈನ್ ಅಲೆಯೇ ಮತ್ತೆ ಮೂಡಿತು. ಅದಕ್ಕೂ ಹತ್ತು ವರ್ಷ ಹಿಂದೆ, 1955ರ ವರದಿಯಲ್ಲಿ, ಲಾಸ್ ಅಲಾಮೊಸ್‌ನ ಮ್ಯಾನಿಯಾಕ್ ಯಂತ್ರದ ಮೇಲೆ ಫರ್ಮಿ, ಪಾಸ್ತಾ, ಉಲಾಮ್ ಮತ್ತು ಪ್ರೋಗ್ರಾಂ ಬರೆದ ಮೇರಿ ಸಿಂಗೌ ಇಂಥದೇ ಮರಳುವಿಕೆಯನ್ನು ಕಂಡಿದ್ದರು. ಶಕ್ತಿ ಎಲ್ಲ ಮೋಡ್‌ಗಳಿಗೂ (ಬೇರೆ ಬೇರೆ ತರಂಗಾಂತರದ ಬಿಡಿ ಅಲೆಗಳಿಗೂ) ಹಂಚಿಹೋಗುತ್ತದೆ ಎಂಬ ನಿರೀಕ್ಷೆ ಅಲ್ಲಿ ಸುಳ್ಳಾಗಿತ್ತು.

ಈಗ ಅದೇ ಕಂಪ್ಯೂಟರಿಗೆ ಕುರಾಮೊಟೊ–ಶಿವಶಿನ್ಸ್ಕಿ ಸಮೀಕರಣ (ಕೆಎಸ್) ಕೊಡಿ. ಇದರ ಅರೇಖೀಯ ಪದವೂ ಕೆಡಿವಿಯದೇ: ಯು (ಅಲೆಯ ಎತ್ತರ) ಗುಣಿಸು ಯುವಿನ ಇಳಿಜಾರು. ಬದಲಾಗುವುದು ರೇಖೀಯ ಭಾಗ ಮಾತ್ರ. ಎರಡನೇ ಅವಕಲನದ ಪದ ಉದ್ದ ಅಲೆಗಳಿಗೆ ಶಕ್ತಿ ತುಂಬುತ್ತದೆ, ನಾಲ್ಕನೆಯದು ಗಿಡ್ಡ ಅಲೆಗಳಿಂದ ಶಕ್ತಿ ಹೀರುತ್ತದೆ, ಅರೇಖೀಯ ಪದ ನಡುವೆ ಸಾಗಣೆ ಮಾಡುತ್ತದೆ. ಪೆಟ್ಟಿಗೆಯ ಉದ್ದ 22 ಇಟ್ಟರೆ ಸಾಕು, ಪರಿಹಾರ ಎಂದೂ ತನ್ನ ಹಳೆಯ ರೂಪಕ್ಕೆ ಮರಳುವುದಿಲ್ಲ.

ಈ ಎರಡು ಸಮೀಕರಣಗಳಿಗೆ ಒಂದೇ ಕೋಡ್ ಬಳಸುವುದು ಬಹಳ ಕಡೆ ನಡೆಯುತ್ತದೆ, ತಪ್ಪುಗಳು ಹುಟ್ಟುವುದೂ ಅಲ್ಲೇ. ಗಣನಾ ವಿಧಾನ ಎಂಬುದು ಬರೀ ಅಳತೆಗೋಲಲ್ಲ. ಕ್ರಮವಿರುವ ಸಮೀಕರಣದಲ್ಲಿ ಇಲ್ಲದ ಕೇಯಾಸನ್ನು (ಸಣ್ಣ ವ್ಯತ್ಯಾಸವೂ ಬೇಗ ದೊಡ್ಡದಾಗಿ ಮುಂದಿನದನ್ನು ಊಹಿಸಲಾಗದಂತೆ ಮಾಡುವ ನಡೆಯನ್ನು) ಅದು ಹುಟ್ಟಿಸಬಲ್ಲದು, ಕೇಯಾಸ್ ಇರುವಲ್ಲಿ ಸುಳ್ಳು ಕ್ರಮವನ್ನೂ ತೋರಿಸಬಲ್ಲದು. ಹಾಗಾಗಿ ‘ಯಾವ ವಿಧಾನ ಹೆಚ್ಚು ನಿಖರ’ ಎಂದು ಕೇಳುವ ಮೊದಲು ‘ನನ್ನ ಸಮೀಕರಣ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಕಳೆದುಕೊಳ್ಳುತ್ತದೆ’ ಎಂದು ಕೇಳಬೇಕು. ಕೆಡಿವಿ ಮತ್ತು ಅರೇಖೀಯ ಶ್ರೋಡಿಂಗರ್ ಸಮೀಕರಣ (ಎನ್‌ಎಲ್‌ಎಸ್) ಉಳಿಸಿಕೊಳ್ಳುವ ಜಾತಿ. ಕೆಎಸ್ ಕಳೆದುಕೊಳ್ಳುವ ಜಾತಿ. ಸಂಕೀರ್ಣ ಗಿಂಜ್‌ಬರ್ಗ್–ಲ್ಯಾಂಡೌ ಸಮೀಕರಣ ಎರಡರ ನಡುವೆ ನಿಂತಿದೆ.

ಮೊದಲು ಜಾಗದ ಮಾತು: ಫೊರಿಯರ್ ಅಥವಾ ಫೈನೈಟ್ ಡಿಫರೆನ್ಸ್

ಗಡಿ ಆವರ್ತಕವಾಗಿದ್ದರೆ (ಬಲ ತುದಿ ಎಡ ತುದಿಗೆ ಅಂಟಿದ್ದರೆ) ಫೊರಿಯರ್ ವಿಧಾನ (ಪರಿಹಾರವನ್ನು ಸೈನ್–ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವುದು) ಬಿಟ್ಟು ಬೇರೆ ಯೋಚನೆ ಬೇಡ. ಕಾರಣ ಅಂಕಿಗಳಲ್ಲೇ ಇದೆ. ಒಂದು ಅಲೆಗೆ 10 ಗ್ರಿಡ್ ಬಿಂದು ಇಟ್ಟು ಎರಡನೇ ದರ್ಜೆಯ ಸೆಂಟ್ರಲ್ ಡಿಫರೆನ್ಸ್ (ನೆರೆಬಿಂದುಗಳ ವ್ಯತ್ಯಾಸದಿಂದ ಅವಕಲನ ಅಂದಾಜಿಸುವ ಫೈನೈಟ್ ಡಿಫರೆನ್ಸ್‌ನ ಒಂದು ಬಗೆ) ಬಳಸಿದರೆ, ಎರಡನೇ ಅವಕಲನದಲ್ಲಿ ಸುಮಾರು ಶೇ. 3.2, ಅದನ್ನೇ ಎರಡು ಸಲ ಹಚ್ಚಿ ಪಡೆದ ನಾಲ್ಕನೆಯದರಲ್ಲಿ ಸುಮಾರು ಶೇ. 6.4 ತಪ್ಪು. 20 ಬಿಂದು ಇಟ್ಟರೂ ನಾಲ್ಕನೇ ಅವಕಲನದಲ್ಲಿ ಶೇ. 1.6 ತಪ್ಪು ಉಳಿಯುತ್ತದೆ. ಕೆಎಸ್‌ನಲ್ಲಿ ಯಾವ ಅಲೆ ಬೆಳೆಯುತ್ತದೆ, ಯಾವುದು ಸಾಯುತ್ತದೆ ಎಂಬುದನ್ನು ಎರಡನೇ ಮತ್ತು ನಾಲ್ಕನೇ ಅವಕಲನಗಳ ಜಗ್ಗಾಟವೇ ತೀರ್ಮಾನಿಸುತ್ತದೆ. ಎರಡರಲ್ಲೂ ಬೇರೆ ಬೇರೆ ಪ್ರಮಾಣದ ತಪ್ಪು ಸೇರಿದರೆ ಬೆಳೆಯುವ ಅಲೆಗಳ ಪಟ್ಟಿಯೇ ಸರಿದುಹೋಗುತ್ತದೆ. ನೀವು ಉದ್ದ 22ರ ಕೆಎಸ್ ಬಿಡಿಸುತ್ತಿದ್ದೇವೆ ಅಂದುಕೊಂಡಿರುತ್ತೀರಿ, ಕಂಪ್ಯೂಟರ್ ತುಸು ಬೇರೆ ಉದ್ದದ ಕೆಎಸ್ ಬಿಡಿಸುತ್ತಿರುತ್ತದೆ. ಸ್ಥಿರ ರೂಪ, ಚಲಿಸುವ ಅಲೆ, ಲಿಮಿಟ್ ಸೈಕಲ್ (ಮತ್ತೆ ಮತ್ತೆ ಅದೇ ಸುತ್ತು), ಕೇಯಾಸ್ ಇವೆಲ್ಲ ಉದ್ದ ಬದಲಾದಂತೆ ಒಂದರ ಹಿಂದೊಂದು ಬಂದುಹೋಗುವ ಈ ಸಮೀಕರಣದಲ್ಲಿ ಅದು ಸಣ್ಣ ತಪ್ಪಲ್ಲ.

ಫೈನೈಟ್ ಡಿಫರೆನ್ಸ್ ಬೇಕಾಗುವುದು ಗೋಡೆಯಂಥ ಗಡಿ ಇದ್ದಾಗ, ಗುಣಾಂಕಗಳು ಜಾಗದಿಂದ ಜಾಗಕ್ಕೆ ಬದಲಾಗುವಾಗ, ಅಥವಾ ಗ್ರಿಡ್ ಒಂದೆಡೆ ದಟ್ಟವಾಗಿ ಬೇಕಾದಾಗ. ನಾಲ್ಕನೇ ಅವಕಲನಕ್ಕೆ ಐದು ಕರ್ಣಗಳ ಮ್ಯಾಟ್ರಿಕ್ಸ್ ಬರುತ್ತದೆ, ಬಿಂದುಗಳ ಸಂಖ್ಯೆಗೆ ತಕ್ಕಷ್ಟೇ ಕೆಲಸದಲ್ಲಿ ಬಿಡಿಸಬಹುದು. ಚೆಬಿಶೆವ್ ವಿಧಾನವೂ ಗೋಡೆಗೆ ಒಗ್ಗುತ್ತದೆ. ಆದರೆ ನಾಲ್ಕನೇ ಅವಕಲನದ ಅತಿ ದೊಡ್ಡ ಐಗನ್ ಮೌಲ್ಯ ಬಿಂದುಸಂಖ್ಯೆಯ ಎಂಟನೇ ಘಾತದಂತೆ ಬೆಳೆಯುವುದರಿಂದ ಅಲ್ಲಿ ರೇಖೀಯ ಭಾಗವನ್ನು ಇಂಪ್ಲಿಸಿಟ್ ಆಗಿಯೇ (ಇನ್ನೂ ತಿಳಿಯದ ಹೊಸ ಮೌಲ್ಯವನ್ನೇ ಸಮೀಕರಣದೊಳಗಿಟ್ಟು) ಬಿಡಿಸಬೇಕು.

ಫೊರಿಯರ್‌ನಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಬಿಂದುಸಂಖ್ಯೆ ಸಮವಾಗಿದ್ದಾಗ ಬರುವ ಕೊನೆಯ ಮೋಡ್. ಒಂದನೇ, ಮೂರನೇ ಅವಕಲನಗಳಂಥ ಬೆಸ ಅವಕಲನಗಳಲ್ಲಿ ಅದರ ತರಂಗಸಂಖ್ಯೆಯನ್ನು ಸೊನ್ನೆ ಮಾಡಬೇಕು. ಮಾಡದಿದ್ದರೆ ವಾಸ್ತವ ಸಂಖ್ಯೆಯಾಗಿ ಉಳಿಯಬೇಕಾದ ಉತ್ತರಕ್ಕೆ ಕಾಲ್ಪನಿಕ ಭಾಗ ಸೇರಿಕೊಳ್ಳುತ್ತದೆ. ಇನ್ನೊಂದು ಏಲಿಯಾಸಿಂಗ್: ಗ್ರಿಡ್ ಹಿಡಿಯಲಾರದಷ್ಟು ಗಿಡ್ಡ ಅಲೆಗಳು ಉದ್ದ ಅಲೆಗಳ ವೇಷದಲ್ಲಿ ಸೇರಿಕೊಳ್ಳುವುದು. ವರ್ಗದ ಪದ ಇದ್ದರೆ (ಕೆಎಸ್, ಕೆಡಿವಿ) ಮೇಲಿನ ಮೂರನೇ ಒಂದು ಭಾಗದ ಮೋಡ್‌ಗಳನ್ನು ಸೊನ್ನೆ ಮಾಡಿ: 64 ಬಿಂದುಗಳಲ್ಲಿ 21ರವರೆಗಿನ ಮೋಡ್ ಮಾತ್ರ ಉಳಿಸಿ. ಘನದ ಪದ ಇದ್ದರೆ (ಎನ್‌ಎಲ್‌ಎಸ್, ಗಿಂಜ್‌ಬರ್ಗ್–ಲ್ಯಾಂಡೌ) ಅರ್ಧದಷ್ಟು ತೆಗೆಯಬೇಕು. ವರ್ಗದ ಪದಕ್ಕೆ ಬರೆದ ಮೂರನೇ ಎರಡರ ಮಾಸ್ಕನ್ನು (ಯಾವ ಮೋಡ್ ಉಳಿಸಬೇಕು, ಯಾವುದನ್ನು ಸೊನ್ನೆ ಮಾಡಬೇಕು ಎಂಬ ಪಟ್ಟಿಯನ್ನು) ಘನದ ಪದಕ್ಕೂ ಹಾಗೇ ಬಳಸಿದ ಕೋಡ್ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ತಪ್ಪು ಹಿಡಿಯುವುದು ಕಷ್ಟ.

ಬಿಂದುಗಳು ಸಾಕೋ ಇಲ್ಲವೋ ನೋಡಲು ಒಂದೇ ಪರೀಕ್ಷೆ: ಮೋಡ್‌ಗಳ ಗಾತ್ರವನ್ನು ಲಾಗ್ ಅಳತೆಯಲ್ಲಿ ಬಿಡಿಸಿ. ಬಾಲದ ತುದಿ ತಲೆಗಿಂತ ಕನಿಷ್ಠ ಎಂಟು–ಹತ್ತು ದಶಮಾಂಶ ಕೆಳಗಿಳಿದಿರಬೇಕು. ಬಾಲ ಮೇಲಕ್ಕೆ ಬಾಗಿದ್ದರೆ ಶಕ್ತಿ ಹೋಗಲು ದಾರಿಯಿಲ್ಲದೆ ತುದಿಯಲ್ಲಿ ಗುಡ್ಡೆ ಬೀಳುತ್ತಿದೆ ಎಂದರ್ಥ. ಆಮೇಲೆ ಕಾಣುವ ಕೇಯಾಸನ್ನಾಗಲಿ ಕ್ರಮವನ್ನಾಗಲಿ ನಂಬಬೇಡಿ.

ಕಾಲದ ಹೆಜ್ಜೆ: ಕೆಎಸ್‌ನಲ್ಲಿ ನಾಲ್ಕು ಆಯ್ಕೆಗಳು

ಆಯ್ಕೆಯ ಭಾರವೆಲ್ಲ ಬೀಳುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ. ಉದ್ದ 32 ಪೈ (ಸುಮಾರು 100.5), ಬಿಂದುಗಳು 128 ಎಂದಿಟ್ಟುಕೊಳ್ಳಿ. ತರಂಗಸಂಖ್ಯೆ ಕೆ ಇರುವ ಅಲೆಯ ರೇಖೀಯ ಬೆಳವಣಿಗೆ ದರ ಕೆ² − ಕೆ⁴. ಒಂದಕ್ಕಿಂತ ಕಡಿಮೆ ಕೆ ಇರುವ 15 ಮೋಡ್‌ಗಳು ಬೆಳೆಯುತ್ತವೆ. ಎಲ್ಲಕ್ಕಿಂತ ವೇಗವಾಗಿ ಬೆಳೆಯುವ ಅಲೆಯ ತರಂಗಾಂತರ ಸುಮಾರು 8.89, ಅದರ ದರ 0.25. ತುದಿಯ ಮೋಡ್‌ನಲ್ಲಿ ಕೆ = 4, ದರ 16 − 256 = −240. ನಮಗೆ ಬೇಕಾದ ಘಟನೆಗಳು ನಡೆಯುವುದು 0.25ರ ದರದಲ್ಲಿ, ಹೆಜ್ಜೆಯ ಗಾತ್ರವನ್ನು ಹಿಡಿದಿಡುವುದು 240ರ ದರ. ಸ್ಟಿಫ್‌ನೆಸ್ ಅಂದರೆ ಇದೇ.

ಸಾಮಾನ್ಯ ಆರ್‌ಕೆ4 (ನಾಲ್ಕನೇ ದರ್ಜೆಯ ರುಂಗೆ–ಕುಟ್ಟ ವಿಧಾನ) ನೆಗೆಟಿವ್ ಅಕ್ಷದ ಮೇಲೆ ಸುಮಾರು 2.785ರವರೆಗೆ ಮಾತ್ರ ಸ್ಥಿರ. ಹಾಗಾಗಿ ಹೆಜ್ಜೆ 2.785/240, ಅಂದರೆ ಸುಮಾರು 0.0116 ಮೀರಬಾರದು. ಬಿಂದುಗಳನ್ನು 256ಕ್ಕೆ ಏರಿಸಿದರೆ ತುದಿಯ ದರ −4032 ಆಗಿ ಹೆಜ್ಜೆ ಸುಮಾರು 0.0007ಕ್ಕೆ ಇಳಿಯುತ್ತದೆ. ಬಿಂದು ಇಮ್ಮಡಿಯಾದರೆ ಹೆಜ್ಜೆ ಹದಿನಾರರಲ್ಲಿ ಒಂದು ಪಾಲಿಗಿಂತ ತುಸು ಚಿಕ್ಕದೇ ಆಗುತ್ತದೆ. ಒಂದು ಸಲ ಪರೀಕ್ಷೆಗೆ ಬಳಸಬಹುದು, ದಿನನಿತ್ಯದ ಕೆಲಸಕ್ಕೆ ಬೇಡ.

ಕ್ರ್ಯಾಂಕ್–ನಿಕಲ್ಸನ್ ಮತ್ತು ಆಡಮ್ಸ್–ಬ್ಯಾಶ್‌ಫರ್ತ್ ಜೋಡಿ (ಸಿಎನ್‌ಎಬಿ2) ಬರೆಯಲು ಸುಲಭ, ಪಠ್ಯಪುಸ್ತಕಗಳಲ್ಲೂ ಹೆಚ್ಚು. ಅದರ ದೋಷ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಹೆಜ್ಜೆ 0.25 ಇಟ್ಟರೆ ತುದಿಯ ಮೋಡ್ ಪ್ರತಿ ಹೆಜ್ಜೆಗೆ (1 − 30)/(1 + 30), ಅಂದರೆ ಸುಮಾರು −0.935ರಿಂದ ಗುಣಿಸಲ್ಪಡುತ್ತದೆ. ನಿಜವಾದ ಗುಣಕ 10⁻²⁶ರ ಆಸುಪಾಸು. ಸತ್ತೇ ಹೋಗಬೇಕಾದ ಮೋಡ್ ಪ್ರತಿ ಹೆಜ್ಜೆಗೂ ಚಿಹ್ನೆ ಬದಲಿಸುತ್ತ ಜೀವ ಹಿಡಿದುಕೊಂಡಿರುತ್ತದೆ. 256 ಬಿಂದುಗಳಲ್ಲಿ ಗುಣಕ −0.996. ಗ್ರಿಡ್ ಸೂಕ್ಷ್ಮವಾದಷ್ಟೂ ಪರಿಸ್ಥಿತಿ ಹದಗೆಡುವುದು ಹೊಸಬರಿಗೆ ಅರ್ಥವೇ ಆಗುವುದಿಲ್ಲ. ಚಿತ್ರದಲ್ಲಿ ಸಣ್ಣ ಹಲ್ಲುಹಲ್ಲಾದ ಗೆರೆ ಕಂಡರೆ, ಸತತ ಎರಡು ಹೆಜ್ಜೆಗಳ ಚಿತ್ರ ಪಕ್ಕಪಕ್ಕ ಇಡಿ. ಹಲ್ಲುಗಳು ತಲೆಕೆಳಗಾಗಿದ್ದರೆ ಕಾರಣ ಇದೇ.

ಎಸ್‌ಬಿಡಿಎಫ್2 ಆ ತೊಂದರೆ ಇಲ್ಲದ ವಿಧಾನ. ಹೊಸ ಮೌಲ್ಯದ ಮೂರು ಪಟ್ಟಿನಿಂದ ಈಗಿನದರ ನಾಲ್ಕು ಪಟ್ಟು ಕಳೆದು, ಹಿಂದಿನದನ್ನು ಕೂಡಿಸಿ, ಹೆಜ್ಜೆಯ ಎರಡು ಪಟ್ಟಿನಿಂದ ಭಾಗಿಸಿ. ಅದು ಹೊಸ ಮೌಲ್ಯದ ರೇಖೀಯ ಪದಕ್ಕೆ, ಈಗಿನ ಅರೇಖೀಯ ಪದದ ಎರಡು ಪಟ್ಟನ್ನು ಕೂಡಿಸಿ ಹಿಂದಿನ ಅರೇಖೀಯ ಪದವನ್ನು ಕಳೆದಷ್ಟಕ್ಕೆ ಸಮ. ಫೊರಿಯರ್ ಜಾಗದಲ್ಲಿ ಪ್ರತಿ ಮೋಡ್‌ಗೂ ಒಂದೇ ಒಂದು ಭಾಗಾಕಾರ. ಗಿಡ್ಡ ಅಲೆಗಳನ್ನು ಚೆನ್ನಾಗಿ ಅಳಿಸುತ್ತದೆ. ಮೊದಲ ಹೆಜ್ಜೆಗೆ ಹಿಂದಿನ ಮೌಲ್ಯ ಇರುವುದಿಲ್ಲವಾದ್ದರಿಂದ ಅಲ್ಲಿ ಮಾತ್ರ ಇಂಪ್ಲಿಸಿಟ್–ಎಕ್ಸ್‌ಪ್ಲಿಸಿಟ್ ಆಯ್ಲರ್ ಬಳಸಿ. ದರ್ಜೆ ಎರಡೇ ಆದರೂ ಗೋಡೆ, ಬದಲಾಗುವ ಗುಣಾಂಕ ಎಲ್ಲಕ್ಕೂ ಹೊಂದುತ್ತದೆ.

ಕಾಕ್ಸ್ ಮತ್ತು ಮ್ಯಾಥ್ಯೂಸ್ 2002ರಲ್ಲಿ ಕೊಟ್ಟು, ಕಸ್ಸಾಮ್ ಮತ್ತು ಟ್ರೆಫೆತನ್ 2005ರಲ್ಲಿ ಗಟ್ಟಿಮಾಡಿದ ಇಟಿಡಿಆರ್‌ಕೆ4 ಆವರ್ತಕ ಗಡಿಯ ಕೆಎಸ್‌ಗೆ ನಮ್ಮ ಮೊದಲ ಆಯ್ಕೆ. ರೇಖೀಯ ಭಾಗವನ್ನು ಎಕ್ಸ್‌ಪೊನೆನ್ಶಿಯಲ್ ಮೂಲಕ ನೇರವಾಗಿ ಬಿಡಿಸಿ, ಅರೇಖೀಯ ಭಾಗವನ್ನಷ್ಟೇ ರುಂಗೆ–ಕುಟ್ಟ ರೀತಿಯಲ್ಲಿ ಅಂದಾಜಿಸುತ್ತದೆ. ಮೇಲಿನ 128 ಬಿಂದುಗಳ ಉದಾಹರಣೆಯಲ್ಲಿ ಹೆಜ್ಜೆ 0.25 ಸಾಕು, ಅಂದರೆ ಆರ್‌ಕೆ4 ಹೆಜ್ಜೆಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದೊಡ್ಡದು. ಒಂದು ಹೆಜ್ಜೆಗೆ ನಾಲ್ಕು ಅರೇಖೀಯ ಲೆಕ್ಕ, ಎಂಟು ಎಫ್‌ಎಫ್‌ಟಿ (ಬಿಂದುಗಳಿಂದ ಮೋಡ್‌ಗಳಿಗೂ ಅಲ್ಲಿಂದ ವಾಪಸ್ಸೂ ಹೋಗುವ ವೇಗದ ಲೆಕ್ಕ). ಎಸ್‌ಬಿಡಿಎಫ್2ಗೆ ಎರಡೇ ಎಫ್‌ಎಫ್‌ಟಿ. ಹಾಗಾಗಿ 0.25ರ ಒಂದು ಇಟಿಡಿ ಹೆಜ್ಜೆಯನ್ನು 0.0625ರ ನಾಲ್ಕು ಎಸ್‌ಬಿಡಿಎಫ್ ಹೆಜ್ಜೆಯ ಜೊತೆ ಹೋಲಿಸಿದರೆ ಅದು ನ್ಯಾಯವಾದ ಹೋಲಿಕೆ.

ಇಟಿಡಿಆರ್‌ಕೆ4ನ ಗಂಟು ಅದರ ಗುಣಾಂಕಗಳಲ್ಲಿದೆ. ಸೂತ್ರಗಳಲ್ಲಿ ಛೇದ ಝಡ್‌ನ ಘನ, ಅಂಶದಲ್ಲಿ ಹತ್ತಿರ ಹತ್ತಿರದ ಸಂಖ್ಯೆಗಳ ವ್ಯವಕಲನ. ಇಲ್ಲಿ ಝಡ್ ಅಂದರೆ ಹೆಜ್ಜೆ ಗುಣಿಸು ಮೋಡ್‌ನ ದರ. ಝಡ್ 10⁻³ ಇದ್ದರೆ ಡಬಲ್ ಪ್ರಿಸಿಶನ್‌ನಲ್ಲೂ (ಸುಮಾರು 16 ಅಂಕಿಗಳ ಲೆಕ್ಕದಲ್ಲೂ) ಏಳು ಅಂಕಿ ಮಾತ್ರ ಉಳಿಯುತ್ತವೆ, 10⁻⁵ ಇದ್ದರೆ ಒಂದೂ ಉಳಿಯುವುದಿಲ್ಲ. ಸೊನ್ನೆಯ ಮೋಡ್‌ನಲ್ಲಂತೂ ಸೊನ್ನೆಯಿಂದ ಭಾಗಾಕಾರ. ಪರಿಹಾರ: ಪ್ರತಿ ಝಡ್ ಸುತ್ತ ತ್ರಿಜ್ಯ 1ರ ವೃತ್ತ ಎಳೆದು, ಅದರ ಮೇಲಿನ 16ರಿಂದ 64 ಬಿಂದುಗಳಲ್ಲಿ ಸೂತ್ರವನ್ನು ಲೆಕ್ಕಹಾಕಿ ಸರಾಸರಿ ತೆಗೆಯಿರಿ. ಇದನ್ನು ಆರಂಭದಲ್ಲಿ ಒಮ್ಮೆ ಮಾಡಿದರೆ ಸಾಕು.

ಕೆಎಸ್ ಕೋಡನ್ನು ಕೆಡಿವಿಗೆ ಹೊಂದಿಸಿಕೊಳ್ಳುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಕೆಎಸ್‌ನಲ್ಲಿ ದರಗಳೆಲ್ಲ ವಾಸ್ತವ ಸಂಖ್ಯೆಗಳು. ಹಾಗಾಗಿ ಪ್ರಚಲಿತ ಕೋಡ್‌ಗಳಲ್ಲಿ ಮೇಲಿನ ಅರ್ಧವೃತ್ತ ಮಾತ್ರ ಬಳಸಿ ಸರಾಸರಿಯ ವಾಸ್ತವ ಭಾಗ ತೆಗೆದುಕೊಂಡಿರುತ್ತಾರೆ. ಕೆಡಿವಿಯಲ್ಲಿ ದರ ಪೂರ್ತಿ ಕಾಲ್ಪನಿಕ. ಅಲ್ಲಿ ವಾಸ್ತವ ಭಾಗ ತೆಗೆದರೆ ಗುಣಾಂಕಗಳ ಅರ್ಧ ಮಾಹಿತಿ ಹೋಯಿತು. ಪೂರ್ಣ ವೃತ್ತ ಬಳಸಿ, ವಾಸ್ತವ ಭಾಗ ತೆಗೆಯುವ ಸಾಲನ್ನು ಅಳಿಸಿ. ಹಾಗೆ ಮಾಡದಿದ್ದರೂ ಕೋಡ್ ದೋಷ ತೋರಿಸದೆ ಓಡುತ್ತದೆ, ಸಾಲಿಟನ್ ಮಾತ್ರ ತಪ್ಪು ವೇಗದಲ್ಲಿ ಸಾಗುತ್ತ ಕರಗುತ್ತದೆ.

ದರ್ಜೆ ಹೆಚ್ಚಿಸಿದರೆ ಕೇಯಾಸ್ ಗೆಲ್ಲಬಹುದೇ?

ಇಲ್ಲ, ಇದಕ್ಕೆ ಲೆಕ್ಕವಿದೆ. ಉದ್ದ 22ರ ಕೆಎಸ್‌ನ ಅತಿ ದೊಡ್ಡ ಲ್ಯಾಪುನೊವ್ ಘಾತಾಂಕ ಸುಮಾರು 0.048. ಸಣ್ಣ ತಪ್ಪು ಆ ದರದಲ್ಲಿ ಘಾತೀಯವಾಗಿ ಬೆಳೆಯುತ್ತದೆ. ತಪ್ಪು 10⁻¹⁶ರಿಂದ ಶುರುವಾದರೂ 1ರ ಗಾತ್ರ ಮುಟ್ಟಲು ಸುಮಾರು 770 ಕಾಲಮಾನ ಸಾಕು. ಹೆಜ್ಜೆಯಿಂದ ಹುಟ್ಟಿದ ತಪ್ಪು 10⁻⁶ ಇದ್ದರೆ 290ರ ಹೊತ್ತಿಗೆ ಎಲ್ಲ ಮುಗಿಯಿತು. ನಾಲ್ಕನೇ ದರ್ಜೆಯ ವಿಧಾನದಲ್ಲಿ ಹೆಜ್ಜೆಯನ್ನು ಅರ್ಧ ಮಾಡಿದರೆ ತಪ್ಪು 16ರಲ್ಲಿ ಒಂದಾಗುತ್ತದೆ, ಅದರಿಂದ ದಕ್ಕುವುದು ಸುಮಾರು 58 ಕಾಲಮಾನದ ಹೆಚ್ಚುವರಿ ನಂಬಿಕೆ. ಎರಡನೇ ದರ್ಜೆಯಲ್ಲಿ 29. ಇಮ್ಮಡಿ ಖರ್ಚಿಗೆ ಸಿಗುವುದು ಇಷ್ಟೇ.

ಇದರಿಂದ ಎರಡು ಕೆಲಸದ ಮಾತು ಹೊರಡುತ್ತವೆ. ಕೋಡ್ ಸರಿಯಿದೆಯೇ ಎಂದು ನೋಡುವ ದರ್ಜೆಯ ಪರೀಕ್ಷೆಯನ್ನು (ಹೆಜ್ಜೆ, ಅದರ ಅರ್ಧ, ಕಾಲು; ತಪ್ಪಿನ ಅನುಪಾತ 16 ಬರುತ್ತದೆಯೇ) ಕಾಲ 10ರಿಂದ 20ರ ಒಳಗೇ ಮುಗಿಸಿ. ಕಾಲ 500ರಲ್ಲಿ ಮಾಡಿದ ಹೋಲಿಕೆಗೆ ಅರ್ಥವಿಲ್ಲ, ಎರಡು ಸರಿಯಾದ ಕೋಡ್‌ಗಳೂ ಅಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಆಮೇಲಿನ ದೀರ್ಘ ಓಟದಿಂದ ಸರಾಸರಿಗಳನ್ನು ಮಾತ್ರ ತೆಗೆದುಕೊಳ್ಳಿ: ಶಕ್ತಿಯ ಸರಾಸರಿ, ಮೋಡ್‌ಗಳ ಸರಾಸರಿ ಪಟ್ಟಿ, ಯುವಿನ ಹಂಚಿಕೆ, ಲ್ಯಾಪುನೊವ್ ಘಾತಾಂಕಗಳು. ಒಂದು ಗಳಿಗೆಯ ಚಿತ್ರ ತೋರಿಸಿ ‘ನಮ್ಮ ವಿಧಾನ ನಿಖರ’ ಅನ್ನುವುದು ಈ ಸಮೀಕರಣದಲ್ಲಿ ನಿಲ್ಲುವ ಮಾತಲ್ಲ.

ಕ್ರಮದ ಕಡೆ: ಕೆಡಿವಿ

ಕೆಡಿವಿಯಲ್ಲಿ ನಿಯಮ ತಿರುವುಮುರುವು. ಇಲ್ಲಿ ಒಂದು ಗಳಿಗೆಯ ಚಿತ್ರವನ್ನೇ ನಂಬಬೇಕು. ಸಾಲಿಟನ್ ಎಲ್ಲಿದೆ, ಎಷ್ಟು ಎತ್ತರ, ಡಿಕ್ಕಿಯ ನಂತರ ಎಷ್ಟು ಸರಿದಿದೆ ಎಂಬುದು ಕಾಗದದ ಮೇಲಿನ ಲೆಕ್ಕಕ್ಕೆ ಹೊಂದಲೇಬೇಕು. ಅರೇಖೀಯ ಪದಕ್ಕೆ 6 ಗುಣಾಂಕ ಇರುವ ರೂಪದಲ್ಲಿ ವೇಗ 4ರ ಸಾಲಿಟನ್‌ನ ಎತ್ತರ 2, ವೇಗ 16ರದರ ಎತ್ತರ 8. ದೊಡ್ಡದು ಚಿಕ್ಕದನ್ನು ದಾಟಿದ ಮೇಲೆ ದೊಡ್ಡದು 0.549 ಮುಂದಕ್ಕೆ, ಚಿಕ್ಕದು 1.099 ಹಿಂದಕ್ಕೆ ಸರಿದಿರಬೇಕು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಹುಡುಕಬೇಕಾಗಿಲ್ಲ. ಚಿಕ್ಕ ಸಾಲಿಟನ್‌ನ ಬಾಲ ರೌಂಡ್-ಆಫ್ (ಕಂಪ್ಯೂಟರ್ ಅಂಕಿ ಕತ್ತರಿಸುವುದರಿಂದ ಬರುವ ದೋಷದ) ಮಟ್ಟಕ್ಕೆ ಇಳಿಯಲು ಎರಡೂ ಕಡೆ ಸುಮಾರು 19 ಜಾಗ ಬೇಕು, ಪೆಟ್ಟಿಗೆಯ ಉದ್ದ 40ಕ್ಕಿಂತ ಕಡಿಮೆ ಇಡಬೇಡಿ.

1965ರ ಮೂಲ ವಿಧಾನ ಲೀಪ್‌ಫ್ರಾಗ್ (ಹಿಂದಿನ ಹೆಜ್ಜೆಯಿಂದ ಈಗಿನದನ್ನು ಹಾರಿ ಮುಂದಿನದಕ್ಕೆ ಹೋಗುವುದು). ಅದರಲ್ಲಿ ಒಂದು ಚಂದದ ಸೂಕ್ಷ್ಮವಿದೆ. ಅರೇಖೀಯ ಪದದಲ್ಲಿ ಯುವಿನ ಬದಲು ಅಕ್ಕಪಕ್ಕದ ಮೂರು ಬಿಂದುಗಳ ಸರಾಸರಿ ಇಟ್ಟಿದ್ದಾರೆ. ಬಿಡಿಸಿ ನೋಡಿದರೆ ಅದು ‘ಯು ಗುಣಿಸು ಇಳಿಜಾರು’ ಮತ್ತು ‘ಯು ವರ್ಗದ ಇಳಿಜಾರು’ ಎರಡನ್ನೂ ಕೂಡಿಸಿ ಮೂರರಿಂದ ಭಾಗಿಸಿದ ರೂಪ. ಯು ವರ್ಗದ ಮೊತ್ತ ಜಾಗದ ಗ್ರಿಡ್ ಮೇಲೆ ಕೆಡದೆ ಉಳಿಯುವುದು ಈ ರೂಪದಿಂದಲೇ. ಬೇರೆ ವಿಧಾನ ಬಳಸುವಾಗಲೂ ಈ ರೂಪವನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಲೀಪ್‌ಫ್ರಾಗ್‌ಗೆ ಹೆಜ್ಜೆಯ ಮಿತಿ ಗ್ರಿಡ್ ಅಂತರದ ಘನಕ್ಕೆ ತಕ್ಕಂತೆ. ಅವರ ಸಮೀಕರಣದಲ್ಲಿ (ಉದ್ದ 2, ಡೆಲ್ಟಾ 0.022; ಮೂರನೇ ಅವಕಲನದ ಗುಣಾಂಕ ಡೆಲ್ಟಾದ ವರ್ಗ) 256 ಬಿಂದು ಇಟ್ಟರೆ ಮೂರನೇ ಅವಕಲನದಿಂದ ಬರುವ ಮಿತಿ ಸುಮಾರು 0.00038. ಫೊರಿಯರ್ ಜೊತೆ ಸಾಮಾನ್ಯ ಆರ್‌ಕೆ4 ಬಳಸಿದರೆ ಇನ್ನೂ ಬಿಗಿ, ಸುಮಾರು 0.00009. ಲೀಪ್‌ಫ್ರಾಗ್‌ನ ಇನ್ನೊಂದು ಕಾಟವೆಂದರೆ ಸಮ ಹೆಜ್ಜೆಗಳು ಮತ್ತು ಬೆಸ ಹೆಜ್ಜೆಗಳು ಮೆಲ್ಲಗೆ ಬೇರೆ ಬೇರೆ ದಾರಿ ಹಿಡಿಯುವುದು. ಆಗಾಗ ಒಂದು ರುಂಗೆ–ಕುಟ್ಟ ಹೆಜ್ಜೆ ಹಾಕಿ ಮತ್ತೆ ಶುರುಮಾಡಿದರೆ ಸರಿಹೋಗುತ್ತದೆ.

ಇಂದು ಕೆಡಿವಿಗೆ ಆರಿಸುವುದಾದರೆ ಇಂಟಿಗ್ರೇಟಿಂಗ್ ಫ್ಯಾಕ್ಟರ್ (ರೇಖೀಯ ಭಾಗವನ್ನು ಮೊದಲೇ ಕಳಚಿಹಾಕುವ ಗುಣಕ) ಜೊತೆಗಿನ ಆರ್‌ಕೆ4 ಅಥವಾ ಇಟಿಡಿಆರ್‌ಕೆ4. ಎರಡೂ ಮೂರನೇ ಅವಕಲನದ ಮಿತಿಯಿಂದ ಬಿಡುಗಡೆ ಕೊಡುತ್ತವೆ, ತಪ್ಪಿನ ಗಾತ್ರದಲ್ಲಿ ಇಟಿಡಿಯದೇ ಮೇಲುಗೈ. ಇಂಟಿಗ್ರೇಟಿಂಗ್ ಫ್ಯಾಕ್ಟರನ್ನು ಕೆಎಸ್‌ಗೆ ಒಯ್ಯಬೇಡಿ: ಅಲ್ಲಿ ಅದು ಸ್ಥಿರ ರೂಪಗಳ ಆಕಾರವನ್ನೇ ಹೆಜ್ಜೆಯ ಗಾತ್ರಕ್ಕೆ ತಕ್ಕಂತೆ ತಿರುಚುತ್ತದೆ.

ಎನ್‌ಎಲ್‌ಎಸ್: ಸುಳ್ಳು ಕೇಯಾಸ್ ಹುಟ್ಟುವ ಜಾಗ

ಇಲ್ಲಿ ಸ್ಪ್ಲಿಟ್-ಸ್ಟೆಪ್ ವಿಧಾನಕ್ಕೆ ಸಾಟಿಯಿಲ್ಲ. ಅರ್ಧ ಹೆಜ್ಜೆ ಅರೇಖೀಯ ಭಾಗ (ಪ್ರತಿ ಬಿಂದುವಿನಲ್ಲಿ ಫೇಸ್ ತಿರುಗಿಸುವುದಷ್ಟೇ), ಪೂರ್ಣ ಹೆಜ್ಜೆ ರೇಖೀಯ ಭಾಗ (ಪ್ರತಿ ಮೋಡ್‌ನ ಫೇಸ್ ತಿರುಗಿಸುವುದು), ಮತ್ತೆ ಅರ್ಧ ಹೆಜ್ಜೆ ಅರೇಖೀಯ. ಎರಡು ಭಾಗಗಳೂ ಪೂರ್ತಿ ನಿಖರವಾಗಿ ಬಿಡಿಸಿಕೊಳ್ಳುವುದರಿಂದ ಒಟ್ಟು ತೀವ್ರತೆ ರೌಂಡ್-ಆಫ್ ಮಟ್ಟದವರೆಗೂ ಉಳಿಯುತ್ತದೆ. ಹಾಗಂತ ಇಷ್ಟ ಬಂದಷ್ಟು ದೊಡ್ಡ ಹೆಜ್ಜೆ ಹಾಕುವಂತಿಲ್ಲ. ಸಮತಟ್ಟಾದ ಅಲೆಯ ಮೇಲೆ ಈ ವಿಧಾನ ಸ್ಥಿರವಾಗಿರಲು ಹೆಜ್ಜೆ, ಗ್ರಿಡ್ ಅಂತರದ ವರ್ಗವನ್ನು ಪೈಯಿಂದ ಭಾಗಿಸಿದಷ್ಟಕ್ಕಿಂತ ಕಡಿಮೆ ಇರಬೇಕು ಎಂದು ವೈಡ್‌ಮನ್ ಮತ್ತು ಹರ್ಬ್‌ಸ್ಟ್ 1986ರಲ್ಲಿ ತೋರಿಸಿದರು. ಅಂತರ 0.1 ಇದ್ದರೆ ಮಿತಿ 0.0032.

ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕೋಡ್ ಸಿಡಿದು ಬೀಳುವುದಿಲ್ಲ, ತೀವ್ರತೆಯ ಮೊತ್ತ ಅಲ್ಲಾಡುವುದೇ ಇಲ್ಲ. ಮೋಡ್‌ಗಳ ಪಟ್ಟಿಯಲ್ಲಿ ದೂರದ ಒಂದು ಜಾಗದಲ್ಲಿ, ತರಂಗಸಂಖ್ಯೆಯ ವರ್ಗ ಗುಣಿಸು ಹೆಜ್ಜೆ ಪೈಗೆ ಸಮವಾಗುವ ಕಡೆ, ಒಂದು ಸಣ್ಣ ಮೊಳಕೆ ಏಳುತ್ತದೆ. ಅದು ಬೆಳೆದು ಅಕ್ಕಪಕ್ಕದ ಮೋಡ್‌ಗಳನ್ನು ಎಳೆದುಕೊಂಡು, ಕೊನೆಗೆ ಇಡೀ ಪರಿಹಾರ ಕೇಯಾಸ್‌ನಂತೆ ಕಾಣುತ್ತದೆ. ನಿಜವೋ ಸುಳ್ಳೋ ತಿಳಿಯಲು ಹೆಜ್ಜೆಯನ್ನು ಅರ್ಧ ಮಾಡಿ. ಮೊಳಕೆ 1.41 ಪಟ್ಟು ದೂರದ ತರಂಗಸಂಖ್ಯೆಗೆ ಓಡಿಹೋದರೆ, ಅಥವಾ ಮಾಯವಾದರೆ, ಅದು ಗಣನೆಯ ಸೃಷ್ಟಿ. ಸಮೀಕರಣದ ನಿಜವಾದ ಅಸ್ಥಿರತೆ ಹೆಜ್ಜೆಯನ್ನು ನೋಡಿ ಜಾಗ ಬದಲಿಸುವುದಿಲ್ಲ.

ಇನ್ನೂ ಆಳದ ತೊಂದರೆ ಜಾಗದ ಗ್ರಿಡ್‌ನದು. ಹರ್ಬ್‌ಸ್ಟ್ ಮತ್ತು ಅಬ್ಲೊವಿಟ್ಜ್ 1989ರಲ್ಲಿ ತೋರಿಸಿದ್ದು ಇದನ್ನೇ: ಎನ್‌ಎಲ್‌ಎಸ್ ಪೂರ್ತಿ ಕ್ರಮಬದ್ಧ ಸಮೀಕರಣವಾದರೂ, ಅದರ ಸಾಮಾನ್ಯ ಫೈನೈಟ್ ಡಿಫರೆನ್ಸ್ ರೂಪ ಹೋಮೋಕ್ಲಿನಿಕ್ ಪಥಗಳ (ಒಂದು ಅಸ್ಥಿರ ಸ್ಥಿತಿಯಿಂದ ಹೊರಟು ಅದಕ್ಕೇ ಮರಳುವ ದಾರಿಗಳ) ಹತ್ತಿರ ಕೇಯಾಸ್ ತೋರಿಸುತ್ತದೆ. ಅದೇ ಗ್ರಿಡ್‌ನಲ್ಲಿ ಘನದ ಪದವನ್ನು ‘ತೀವ್ರತೆ ಗುಣಿಸು ಎರಡು ನೆರೆಬಿಂದುಗಳ ಸರಾಸರಿ’ ಎಂದು ಬರೆದರೆ ಅದು ಅಬ್ಲೊವಿಟ್ಜ್–ಲ್ಯಾಡಿಕ್ ರೂಪ. ಅದು ಗ್ರಿಡ್ ಮೇಲೂ ಕ್ರಮಬದ್ಧ, ಹಾಗಾಗಿ ಆ ಸುಳ್ಳು ಕೇಯಾಸ್ ಅಲ್ಲಿ ಏಳುವುದಿಲ್ಲ. ಒಂದೇ ಪದದಲ್ಲಿ ಮಾಡಿದ ಈ ಸಣ್ಣ ಬದಲಾವಣೆಗೆ ಇಷ್ಟು ದೊಡ್ಡ ಫಲ. 1993ರಲ್ಲಿ ಅಬ್ಲೊವಿಟ್ಜ್, ಶೋಬರ್, ಹರ್ಬ್‌ಸ್ಟ್ ಮೂವರೂ ಸೇರಿ ರೌಂಡ್-ಆಫ್ ದೋಷವೊಂದೇ ಇಂಥ ಕೇಯಾಸ್ ಹುಟ್ಟಿಸಬಲ್ಲದು ಎಂದೂ ತೋರಿಸಿದರು.

ನೀವೇ ನೋಡಲು ಸಿದ್ಧ ಉದಾಹರಣೆ: ಘನದ ಪದಕ್ಕೆ 2 ಗುಣಾಂಕ, ಅಲೆಯ ಎತ್ತರ 0.5, ಪೆಟ್ಟಿಗೆಯ ಉದ್ದ 2√2 ಪೈ (ಸುಮಾರು 8.886), ಅದರ ಮೇಲೆ ಒಂದು ಕೊಸೈನ್‌ನ ಸಣ್ಣ ಏರಿಳಿತ. ಇಲ್ಲಿ ಒಂದೇ ಒಂದು ಮೋಡ್ ಅಸ್ಥಿರ, ಅದರ ಬೆಳವಣಿಗೆ ದರ ಸರಿಯಾಗಿ 0.5. ಮೊದಲು ಆ 0.5 ಬರುತ್ತದೆಯೇ ನೋಡಿ. 64 ಬಿಂದುಗಳಲ್ಲಿ ಸ್ಪ್ಲಿಟ್-ಸ್ಟೆಪ್‌ನ ಹೆಜ್ಜೆಯ ಮಿತಿ ಸುಮಾರು 0.006, 256ರಲ್ಲಿ ಸುಮಾರು 0.0004.

ನಾಲ್ಕನೇ ದರ್ಜೆ ಬೇಕೆನಿಸಿದರೆ ಯೋಶಿದಾ ಜೋಡಣೆ ಇದೆ: ಹೆಜ್ಜೆಯನ್ನು 1.3512, −1.7024, 1.3512 ಎಂದು ಮೂರು ತುಂಡು ಮಾಡುವುದು. ನಡುವಿನದು ಕಾಲದಲ್ಲಿ ಹಿಂದಕ್ಕೆ ನಡೆಯುತ್ತದೆ. ಎನ್‌ಎಲ್‌ಎಸ್‌ಗೆ ಅದರಿಂದ ಬಾಧೆಯಿಲ್ಲ. ಕೆಎಸ್‌ಗೆ ಮಾತ್ರ ಇದನ್ನು ಹಚ್ಚಲೇಬೇಡಿ. ಮೇಲಿನ 128 ಬಿಂದುಗಳ ಉದಾಹರಣೆಯಲ್ಲಿ ಹಿಂದಕ್ಕೆ ನಡೆಯುವ ಒಂದೇ ತುಂಡಿನಲ್ಲಿ ತುದಿಯ ಮೋಡ್ 10⁴⁴ ಪಟ್ಟು ಉಬ್ಬುತ್ತದೆ. ಗಿಂಜ್‌ಬರ್ಗ್–ಲ್ಯಾಂಡೌಗೂ ಇದೇ ಎಚ್ಚರಿಕೆ.

ನಡುವಿನ ಸಮೀಕರಣ

ಗಿಂಜ್‌ಬರ್ಗ್–ಲ್ಯಾಂಡೌದಲ್ಲಿ ಕ್ರಮ, ಕೇಯಾಸ್ ಎರಡೂ ನಿಯತಾಂಕಗಳ ಕೈಯಲ್ಲಿವೆ. ರೇಖೀಯ ಹರಡುವಿಕೆಯ ನಿಯತಾಂಕ ಆಲ್ಫಾ, ಅರೇಖೀಯ ಪದದ್ದು ಬೀಟಾ. 1 + ಆಲ್ಫಾ × ಬೀಟಾ ಸೊನ್ನೆಗಿಂತ ಕಡಿಮೆಯಾದರೆ ಎಲ್ಲ ಸಮತಟ್ಟು ಅಲೆಗಳೂ ಅಸ್ಥಿರ. ಆಲ್ಫಾ 2, ಬೀಟಾ −1 ಇದಕ್ಕೆ ಉದಾಹರಣೆ. ಇಟಿಡಿಆರ್‌ಕೆ4 ಸಾಕು, ಸಂಕೀರ್ಣ ದರಗಳಿಗಾಗಿ ಪೂರ್ಣ ವೃತ್ತ ಬಳಸಬೇಕು. ಇಲ್ಲಿ ಕಾಡುವುದು ಅತಿ ದೀರ್ಘ ತಾತ್ಕಾಲಿಕ ಕೇಯಾಸ್. ಬಹಳ ಕಾಲ ಕೇಯಾಸ್‌ನಂತೆ ಓಡಿ ಕೊನೆಗೊಂದು ದಿನ ಅಲೆ ತಣ್ಣಗಾಗಿ ಕ್ರಮಕ್ಕೆ ಬೀಳಬಹುದು. ಒಂದೇ ಓಟ ನೋಡಿ ತೀರ್ಪು ಕೊಡಬೇಡಿ, ಹತ್ತಿಪ್ಪತ್ತು ಬೇರೆ ಬೇರೆ ಆರಂಭಗಳಿಂದ ಓಡಿಸಿ.

ಕೇಯಾಸ್ ಅಳೆಯುವ ಉಪಕರಣಗಳು

ಎರಡು ಓಟಗಳ ವಿಧಾನ ಅಗ್ಗ. 10⁻⁸ ಅಂತರದಲ್ಲಿ ಎರಡು ಪರಿಹಾರ ಹೊರಡಿಸಿ, ಪ್ರತಿ ಒಂದೆರಡು ಕಾಲಮಾನಕ್ಕೆ ಅಂತರವನ್ನು ಮತ್ತೆ 10⁻⁸ಕ್ಕೆ ತಂದು, ಬೆಳವಣಿಗೆಯ ಲಾಗರಿದಮ್‌ಗಳ ಸರಾಸರಿ ತೆಗೆಯಿರಿ. ಜಿಪಿಯು ಮೇಲೆ ಸಿಂಗಲ್ ಪ್ರಿಸಿಶನ್‌ನಲ್ಲಿ ಇದನ್ನು ಮಾಡಲು ಹೊರಟವರಿಗೆ ಸಿಗುವುದು ಬರೀ ಗದ್ದಲ, ಏಕೆಂದರೆ ಅಲ್ಲಿ ರೌಂಡ್-ಆಫ್ 10⁻⁷ರ ಮಟ್ಟದ್ದು. ಈ ವಿಧಾನ ಕೊಡುವುದು ಅತಿ ದೊಡ್ಡ ಘಾತಾಂಕ ಒಂದನ್ನೇ.

ಪೂರ್ತಿ ಪಟ್ಟಿ ಬೇಕಾದರೆ ಟ್ಯಾಂಜೆಂಟ್ ಸಮೀಕರಣವನ್ನು (ಸಣ್ಣ ವ್ಯತ್ಯಾಸ ಹೇಗೆ ಬೆಳೆಯುತ್ತದೆ ಎಂದು ಹೇಳುವ ಸಮೀಕರಣ) ಹತ್ತಾರು ವೆಕ್ಟರ್‌ಗಳಿಗೆ ಜೊತೆಯಾಗಿ ಓಡಿಸಿ ಪ್ರತಿ ಒಂದು ಕಾಲಮಾನಕ್ಕೆ ಕ್ಯೂಆರ್ ಮಾಡಬೇಕು (ವೆಕ್ಟರ್‌ಗಳನ್ನು ಮತ್ತೆ ಒಂದಕ್ಕೊಂದು ಲಂಬವಾಗಿಸಬೇಕು). ಖರ್ಚು ಹೆಚ್ಚು, ಆದರೆ ಇದರಲ್ಲೊಂದು ಒಳಪರೀಕ್ಷೆ ಸಿಗುತ್ತದೆ, ನಮ್ಮ ಒಲವು ಇದರ ಕಡೆಗಿರುವುದು ಅದಕ್ಕೇ. ಕೆಎಸ್ ಕಾಲದಲ್ಲಿ ಸರಿದರೂ ಜಾಗದಲ್ಲಿ ಸರಿದರೂ ಬದಲಾಗುವುದಿಲ್ಲ, ಹಾಗಾಗಿ ಸರಾಸರಿಯನ್ನು ಸೊನ್ನೆಗೆ ಹಿಡಿದಿಟ್ಟಾಗ ಪಟ್ಟಿಯಲ್ಲಿ ಎರಡು ಘಾತಾಂಕಗಳು ಸೊನ್ನೆಯಾಗಿರಲೇಬೇಕು. ಸರಾಸರಿಯ ಮೋಡನ್ನೂ ಬಿಟ್ಟುಕೊಟ್ಟರೆ ಮೂರು. ಓಟ ಉದ್ದವಾದರೂ ಅವು ಸೊನ್ನೆಯ ಕಡೆ ಇಳಿಯದಿದ್ದರೆ, ಟ್ಯಾಂಜೆಂಟ್ ಸಮೀಕರಣಕ್ಕೂ ಮೂಲ ಸಮೀಕರಣಕ್ಕೂ ಒಂದೇ ಹೆಜ್ಜೆ, ಒಂದೇ ಮಾಸ್ಕ್ ಹಾಕಿದ್ದೀರಾ ಎಂದು ಮೊದಲು ನೋಡಿ. ಉದ್ದ 22ರಲ್ಲಿ ಮೊದಲ ಎಂಟು ಘಾತಾಂಕಗಳ ನಂತರ ಪಟ್ಟಿ ಥಟ್ಟನೆ ಕೆಳಗೆ ಬೀಳುತ್ತದೆ. 64 ಬಿಂದುಗಳ ಲೆಕ್ಕದ ಹಿಂದೆ ನಿಜವಾಗಿ ಆಡುತ್ತಿರುವ ದಿಕ್ಕುಗಳು ಎಂಟೇ. ಪೆಟ್ಟಿಗೆ ಉದ್ದವಾದಂತೆ ಕೇಯಾಸ್‌ನ ಆಯಾಮವೂ ಉದ್ದಕ್ಕೆ ತಕ್ಕಂತೆ ಬೆಳೆಯುತ್ತದೆ, ವೆಕ್ಟರ್‌ಗಳ ಸಂಖ್ಯೆಯನ್ನೂ ಹಾಗೇ ಏರಿಸಬೇಕು.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಆರಂಭಿಕ ಸ್ಥಿತಿ. 32 ಪೈ ಉದ್ದದ ಕೆಎಸ್‌ಗೆ ಎಲ್ಲೆಡೆ ನಕಲಾಗುವ ಆರಂಭ: ಕೊಸೈನ್ (ಎಕ್ಸ್/16) ಗುಣಿಸು (1 + ಸೈನ್ (ಎಕ್ಸ್/16)). ಎಕ್ಸ್ = 8 ಪೈ ಬಿಂದುವನ್ನು ನಡುವೆ ಇಟ್ಟುಕೊಂಡು ನೋಡಿದರೆ ಇದು ಬೆಸ ಫಲನ: ಎಡಬಲ ತಿರುಗಿಸಿದರೆ ಚಿಹ್ನೆ ಮಾತ್ರ ಬದಲಾಗುತ್ತದೆ. ಕೆಎಸ್ ಈ ಸಮಮಿತಿಯನ್ನು ಕೆಡಿಸುವುದಿಲ್ಲ. ಅಂದರೆ ನಿಮ್ಮ ಪರಿಹಾರ ಇಡೀ ಜಾಗದಲ್ಲಿ ಓಡಾಡುತ್ತಿಲ್ಲ, ಅದರ ಒಂದು ತೆಳು ಪದರದೊಳಗೆ ಓಡಾಡುತ್ತಿದೆ, ರೌಂಡ್-ಆಫ್ ಬೆಳೆದು ಹೊರಗೆ ನೂಕುವ ತನಕ. ವಿಧಾನ ಪರೀಕ್ಷಿಸಲು ಈ ಆರಂಭ ಒಳ್ಳೆಯದೇ. ಸರಾಸರಿ, ಘಾತಾಂಕ, ಆಯಾಮ ಅಳೆಯುವುದಾದರೆ ಅದರ ಮೇಲೆ 10⁻³ ಗಾತ್ರದ ಯಾದೃಚ್ಛಿಕ ಸೈನ್–ಕೊಸೈನ್‌ಗಳನ್ನು ಸೇರಿಸಿ, ಸೊನ್ನೆಯ ಮೋಡನ್ನು ಸೊನ್ನೆಯಾಗಿಯೇ ಇಟ್ಟು, ಮೊದಲ 1000 ಕಾಲಮಾನವನ್ನು ಎಸೆದು, ಅಲ್ಲಿಂದ ಮುಂದೆ ಬರೆದುಕೊಳ್ಳಲು ಶುರುಮಾಡಿ. 64 ಬಿಂದು, ಪ್ರತಿ ಕಾಲಮಾನಕ್ಕೊಂದು ಸಾಲು ಎಂದರೆ ಒಂದು ಲಕ್ಷ ಕಾಲಮಾನದ ಓಟಕ್ಕೂ ಡಬಲ್ ಪ್ರಿಸಿಶನ್‌ನಲ್ಲಿ ಬೇಕಾಗುವುದು ಸುಮಾರು 51 ಎಂಬಿ. ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಇಡಬಹುದು.